ಸಹಾಯ ಬೇಕು: ರಾಯಚೂರಿನ ಬಿಸಿಲಿಗೆ ಯಾವ ಸೆಂಟ್ ತಾಳುತ್ತದೆ?

ಎಲ್ಲರಿಗೂ ಶರಣು. ನನ್ನದು ರಾಯಚೂರಿನಲ್ಲಿ ದಿನವಿಡೀ ಬೈಕ್ ಮೇಲೆ ಓಡಾಡುವ ಕೆಲಸ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಗೊತ್ತೇ ಇದೆಯಲ್ಲ.

ನಿಂಬೆ, ಕಿತ್ತಳೆ ಘಮದ ಸ್ಪ್ರೇ ಹೊಡೆದುಕೊಂಡಾಗ ಎಷ್ಟು ಚೆಂದ! ಆದರೆ ಗಂಜ್ ಮಾರುಕಟ್ಟೆ ತಲುಪುವಷ್ಟರಲ್ಲಿ ಮಾಯ. ಹುಳಿಹಣ್ಣಿನ ಘಮ ಬೇಗ ಹಾರಿಹೋಗುವಂಥದ್ದೇ ಅಂತೆ. ಊದ್, ಅಂದರೆ ಅಗರು ಮರದ ಸುಗಂಧ, ಸಂಜೆಯ ಮದುವೆಗೆ ಭರ್ಜರಿ. ಹಗಲಲ್ಲಿ ಬೆವರಿನ ಜೊತೆ ಸೇರಿದರೆ ನನಗೇ ತಲೆನೋವು, ಪಕ್ಕದಲ್ಲಿ ಕೂತವರ ಗತಿ ದೇವರೇ ಬಲ್ಲ. ಮಲ್ಲಿಗೆಗೆ ಮನೆಯವರು ನಕ್ಕರು, ಬಿಟ್ಟೆ.

ಮನಸ್ಸಿಗೆ ಹಿಡಿಸಿದ್ದು ಲಾವಂಚದ ಅತ್ತರ್, ಮತ್ತೆ ಉತ್ತರ ಪ್ರದೇಶದ ಕನೌಜಿನ ಮಿಟ್ಟಿ ಅತ್ತರ್, ಅಂದರೆ ಮಣ್ಣಿನ ಅತ್ತರ್. ಸುಟ್ಟ ಮಣ್ಣನ್ನು ನೀರಲ್ಲಿ ಕಾಯಿಸಿ, ಅದರ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುತ್ತಾರೆ. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ಎರೆ ಹೊಲವೇ. ಆದರೆ ಮೈಗೆ ಹಚ್ಚಿದರೆ ಬೆವರಲ್ಲಿ ಹೋಗುತ್ತದೆ, ಬಿಳಿ ಅಂಗಿಗೆ ಹಚ್ಚಿದರೆ ಎಣ್ಣೆ ಕಲೆ. ಕಿವಿಯ ಹಿಂದೆ ಹತ್ತಿ ಇಟ್ಟೂ ನೋಡಿದೆ, ಹೆಲ್ಮೆಟ್‌ಗೆ ಸಿಕ್ಕಿ ಬಿದ್ದುಹೋಗುತ್ತದೆ.

ಬಿಸಿಲಲ್ಲಿ ಓಡಾಡುವವರು ಹೇಳಿ: ಲಾವಂಚದ ಅತ್ತರ್ ಕಲೆಯಾಗದೆ ಮಧ್ಯಾಹ್ನದವರೆಗೆ ಉಳಿಯಬೇಕಾದರೆ ಎಲ್ಲಿ, ಹೇಗೆ ಹಚ್ಚಬೇಕು? ಆಗಲ್ಲ ಅಂದರೆ, ಅದೇ ಘಮದ ಯಾವ ಸ್ಪ್ರೇ ತಗೊಳ್ಳಲಿ?