ಪ್ರೂಫ್ ಬಂಗಾರದ ನಾಣ್ಯ: ಮನೆಯಲ್ಲಿ ಹೇಗೆ ಇಡಬೇಕು, ಗ್ರೇಡಿಂಗ್ ಮಾಡಿಸಬೇಕೇ?

ಕೇಳಿದವರು, ಕಲಬುರಗಿ:
ಲಂಡನ್ನಿನಲ್ಲಿರುವ ನನ್ನ ತಮ್ಮ ಸಂಗ್ರಾಹಕರಿಗೆಂದೇ ವಿಶೇಷವಾಗಿ ಟಂಕಿಸಿದ ಎರಡು ಬ್ರಿಟಿಷ್ ಬಂಗಾರದ ನಾಣ್ಯಗಳನ್ನು, ಅಂದರೆ ಪ್ರೂಫ್ ಸಾವರಿನ್‌ಗಳನ್ನು ಡಬ್ಬಿ ಹಾಗೂ ಪ್ರಮಾಣಪತ್ರದ ಸಮೇತ ತಂದುಕೊಟ್ಟಿದ್ದಾನೆ. ಅಜ್ಜಿಯ ಕಾಲದ, ಚಾರ್‌ಮಿನಾರ್ ಚಿತ್ರವಿರುವ ನಿಜಾಮರ ಅಶ್ರಫಿ (ಬಂಗಾರದ ನಾಣ್ಯ) ಒಂದೂ ಮನೆಯಲ್ಲಿದೆ. ಅದರ ಅಂಚಿಗೆ ಹಿಂದೆ ಕೊಂಡಿ ಬೆಸೆದಿದ್ದ ಗುರುತಿದೆ. ಮೂರನ್ನೂ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಇಡಬೇಕೆಂಬ ಆಸೆ. ಪರಿಚಯದ ಸರಾಫರು ಒರೆಗೆ ಹಚ್ಚಿ ನೋಡಿ ಪಾಲಿಶ್ ಮಾಡಿಕೊಡುವುದಾಗಿ ಹೇಳುತ್ತಾರೆ. ತಮ್ಮ, ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸು ಎನ್ನುತ್ತಾನೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ, ಕಲಬುರಗಿ:
ಸರ್, ಒರೆಗಲ್ಲು, ಪಾಲಿಶ್ ಎರಡನ್ನೂ ಖಂಡಿತ ಬೇಡವೆನ್ನಿ. ಸರಾಫರ ಲೆಕ್ಕದಲ್ಲಿ ಸಾವರಿನ್ ಒಂದು 22 ಕ್ಯಾರೆಟ್ಟಿನ ಗಿನ್ನಿ: ತೂಕ 7.98 ಗ್ರಾಂ, ಅದರೊಳಗೆ 7.32 ಗ್ರಾಂ ಅಪ್ಪಟ ಬಂಗಾರ, ಅಂದಿನ ದರದಿಂದ ಗುಣಿಸಿದರೆ ಬೆಲೆ ಬಂತು. ಆ ಲೆಕ್ಕ ಸರಿಯೇ. ಆದರೆ ಸಂಗ್ರಾಹಕರು ಅದಕ್ಕಿಂತ ಮೇಲೆ ಕೊಡುವ ಹಣದ ದೊಡ್ಡ ಪಾಲು ನಾಣ್ಯದ ಮೇಲ್ಮೈಗೆ ಸಲ್ಲುತ್ತದೆ. ಪ್ರೂಫ್ ನಾಣ್ಯಕ್ಕೆ ಟಂಕಸಾಲೆಯಲ್ಲಿ ಅಚ್ಚನ್ನೂ ಬಿಲ್ಲೆಯನ್ನೂ ಮೊದಲೇ ವಿಶೇಷವಾಗಿ ಹೊಳಪೇರಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ಟಂಕಿಸುವುದರಿಂದ ಹಿನ್ನೆಲೆ ಕನ್ನಡಿಯಂತೆ ಹೊಳೆಯುತ್ತದೆ, ಉಬ್ಬಿದ ಚಿತ್ರ ಮಾತ್ರ ಮಬ್ಬು ಬಿಳುಪಾಗಿ ಎದ್ದು ಕಾಣುತ್ತದೆ. ಪತ್ತಾರರ ಪಾಲಿಶ್ ಈ ಎರಡರ ಅಂತರವನ್ನೇ ಅಳಿಸಿಬಿಡುತ್ತದೆ, ಮತ್ತು ಒಮ್ಮೆ ಅಳಿದದ್ದನ್ನು ಯಾರೂ ಮರಳಿ ತರಲಾರರು.

ಗ್ರೇಡಿಂಗ್ ಮಾಡುವವರು ನೋಡುವುದೂ ಇದನ್ನೇ. ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಅಮೆರಿಕದ ಸಂಸ್ಥೆಗಳು 70ರವರೆಗಿನ ಶೆಲ್ಡನ್ ಮಾಪಕದಲ್ಲಿ ಅಂಕ ಕೊಟ್ಟು, ನಾಣ್ಯವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. 70 ಎಂದರೆ ಐದು ಪಟ್ಟು ಹಿಗ್ಗಿಸಿ ನೋಡಿದರೂ ಟಂಕಿಸಿದ ನಂತರದ ದೋಷ ಕಾಣಿಸಬಾರದು. ಚಿತ್ರದ ಬಿಳುಪಿಗೂ ಹಿನ್ನೆಲೆಯ ಹೊಳಪಿಗೂ ಅಂತರ ಗಾಢವಾಗಿದ್ದರೆ ಎನ್‌ಜಿಸಿ ಅಲ್ಟ್ರಾ ಕ್ಯಾಮಿಯೊ ಎಂದೂ ಪಿಸಿಜಿಎಸ್ ಡೀಪ್ ಕ್ಯಾಮಿಯೊ ಎಂದೂ ಬರೆಯುತ್ತವೆ. ತಾವೇ ಒಮ್ಮೆ ನೋಡಬಹುದು: ರಾತ್ರಿ ಉಳಿದ ದೀಪಗಳನ್ನು ಆರಿಸಿ, ಒಂದೇ ಮೇಜುದೀಪದ ಕೆಳಗೆ ನಾಣ್ಯವನ್ನು ಅದರ ಪಾರದರ್ಶಕ ಡಬ್ಬಿಯಾದ ಕ್ಯಾಪ್ಸೂಲಿನೊಳಗೇ ಇಟ್ಟುಕೊಂಡು ನಿಧಾನವಾಗಿ ವಾಲಿಸುತ್ತ ಹೋಗಿ. ನಾಣ್ಯದ ಮೇಲಿನ ಮುಖಚಿತ್ರದ ಎದುರಿನ ಖಾಲಿ ಜಾಗದಲ್ಲಿ ಬೆಳಕು ಹರಿಯುವಾಗ, ನೇರ ನೋಟಕ್ಕೆ ಸಿಗದ ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದು ಕೋನದಲ್ಲಿ ಥಟ್ಟನೆ ಮಿನುಗುತ್ತವೆ. ವಾಲಿಸಿದರೂ ನಾಣ್ಯದ ಚಿತ್ರಕ್ಕೆ ಹೋಲಿಸಿದಂತೆ ಜಾಗ ಬದಲಿಸದಿದ್ದರೆ ಗೀರು ನಾಣ್ಯದ್ದು; ಸರಿದಾಡಿದರೆ ಕ್ಯಾಪ್ಸೂಲಿನದು.

ಇಷ್ಟಾಗಿಯೂ, ಮಾರುವ ಆಲೋಚನೆ ಇಲ್ಲದಿದ್ದರೆ ಗ್ರೇಡಿಂಗ್ ಬೇಡ ಎಂಬುದೇ ನನ್ನ ಅಭಿಪ್ರಾಯ. ಈಗಿನ ಪ್ರೂಫ್‌ಗಳು ಬಹುಪಾಲು 69 ಅಥವಾ 70 ಪಡೆಯುತ್ತವೆ. ಆ ಒಂದು ಅಂಕಕ್ಕಾಗಿ ಸಾಗಣೆ, ವಿಮೆ, ಕಸ್ಟಮ್ಸ್ ಎಲ್ಲವನ್ನೂ ಹೊರುವುದು ಸಾಮಾನ್ಯ ವರ್ಷದ ಸಾವರಿನ್‌ಗೆ ದಕ್ಕುವ ಮಾತಲ್ಲ. ಮುಂದೆ ಗ್ರೇಡ್ ಆದ ನಾಣ್ಯವನ್ನೇ ಕೊಳ್ಳುವಿರಾದರೆ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿರುವ ವಿವರದೊಡನೆ ಹೋಲಿಸದೆ ಹಣ ಕೊಡಬೇಡಿ. ನಕಲಿ ಪೆಟ್ಟಿಗೆಗಳೂ ಬರುತ್ತವೆ.

ಕಪಾಟಿನ ವಿಚಾರ. ನಮ್ಮ ಊರಿನ ಬೇಸಿಗೆ ನಲವತ್ತು ಡಿಗ್ರಿ ದಾಟಿದರೂ ಬಂಗಾರಕ್ಕೆ ಬಿಸಿಲಿನಿಂದ ಏನೂ ಆಗದು. ನನಗೆ ಚಿಂತೆ ಇರುವುದು ಕೂಲರಿನ ಬಗ್ಗೆ. ಸಾವರಿನ್‌ನಲ್ಲಿ ಹನ್ನೆರಡರಲ್ಲಿ ಒಂದು ಪಾಲು ಬೆರಕೆ, ಅದು ಮುಖ್ಯವಾಗಿ ತಾಮ್ರ. ತೇವದ ಗಾಳಿ ಸದಾ ಬಡಿಯುತ್ತಿದ್ದರೆ ಅಂಥ ಕಡೆ ಕೆಂಪು ಚುಕ್ಕೆ ಏಳುವ ಸಂಭವವಿದೆ. ಆದ್ದರಿಂದ ಕೂಲರಿನ ಎದುರಿಗೆ ಬೇಡ. ವಾರ್ನಿಷ್ ವಾಸನೆ ಆರದ ಹೊಸ ಕಪಾಟೂ ಬೇಡ. ಪಿವಿಸಿಯ ಮೆತ್ತನೆಯ ಚೀಲಕ್ಕೆ ಹಾಕಲೇಬೇಡಿ. ಕ್ಯಾಪ್ಸೂಲನ್ನು ತೆರೆಯಲೇಬೇಕಾದ ಸಂದರ್ಭ ಬಂದರೆ ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಿ, ಅಂಚಿನ ಗೆರೆಗಳನ್ನಷ್ಟೇ ಹಿಡಿಯಬೇಕು, ಅದರ ಮೇಲೆ ಬಾಗಿ ಮಾತಾಡಬಾರದು; ಶಹಾಬಾದ್ ಫರಸಿಯ ಮೇಲೆ ಒಮ್ಮೆ ಬಿದ್ದರೆ ಮುಗಿಯಿತು.

ಉತ್ತರ, ಬೀದರ್:
ಅಶ್ರಫಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಅದನ್ನು ಪ್ರೂಫ್‌ಗಳ ಸಾಲಿನಲ್ಲಿಟ್ಟು ಅಳೆಯಬೇಡಿ. ಭೂತಗನ್ನಡಿ ಹಿಡಿದು ಚಾರ್‌ಮಿನಾರಿನ ನಡುವಿನ ಕಮಾನನ್ನು ನೋಡಿದರೆ ಅಲ್ಲಿ ಒಂದು ಅರಬ್ಬಿ ಅಕ್ಷರ ಕಾಣುತ್ತದೆ: ಮೀಮ್ ಇದ್ದರೆ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು, ಐನ್ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರದು. ನಾಣ್ಯದ ಮೇಲಿರುವುದು ಹಿಜರಿ ವರ್ಷ. ಉದಾಹರಣೆಗೆ 1337 ಎಂದಿದ್ದರೆ ಕ್ರಿ.ಶ. 1918-19. ಇದನ್ನು ಓದಿಕೊಳ್ಳುವುದು ಕಾನೂನಿನ ದೃಷ್ಟಿಯಿಂದಲೂ ಅಗತ್ಯ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಆದಕಾರಣ ಗ್ರೇಡಿಂಗ್‌ಗೆಂದು ತಮ್ಮನ ಕೈಗೆ ಕೊಟ್ಟು ಕಳಿಸಬೇಡಿ. ಕೊಂಡಿಯ ಬೆಸುಗೆಯ ಗುರುತಿರುವ ನಾಣ್ಯಕ್ಕೆ ಪೂರ್ಣ ಅಂಕವೂ ಸಿಗುವುದಿಲ್ಲ. ಆ ಗುರುತನ್ನು ಅರದಿಂದ ತಿಕ್ಕಿಸುವ ಮನಸ್ಸು ಮಾಡಬೇಡಿ. ತಮ್ಮ ಅಜ್ಜಿಯವರು ಧರಿಸಿದ್ದ ನಾಣ್ಯ ಅದು, ಹಾಗೆಯೇ ಇರಲಿ.

ಉತ್ತರ, ಯಾದಗಿರಿ:
ಅಣ್ಣನವರೇ, ಮನೆಯ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳಿಡಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಬಂಗಾರದ ನಾಣ್ಯ ಎಂದರೆ ತೊಳೆದು, ಅರಿಶಿನ ಕುಂಕುಮ ಹಚ್ಚುವುದು ನಮ್ಮೆಲ್ಲರ ಮನೆಯ ರೂಢಿ. ನಮ್ಮಲ್ಲಿ ಪೂಜೆಗೆಂದೇ ಅಂಗಡಿಯ ಸಾದಾ ನಾಣ್ಯವೊಂದನ್ನು ಬೇರೆ ಇಟ್ಟಿದ್ದೇವೆ. ಪ್ರೂಫ್ ನಾಣ್ಯವನ್ನು ಡಬ್ಬಿ ತೆರೆಯದೆ ತಟ್ಟೆಯ ಪಕ್ಕದಲ್ಲಿಟ್ಟು ಹೂವು ಏರಿಸುತ್ತೇವೆ. ಕಪಾಟಿನಲ್ಲಿ ನಾಣ್ಯಗಳ ದೊಡ್ಡ ಫೋಟೊಗಳನ್ನು ಚೌಕಟ್ಟು ಹಾಕಿಸಿ ಇಡಿ, ನಾಣ್ಯಗಳು ಲಾಕರಿನಲ್ಲಿರಲಿ. ಬೆಂಕಿ, ಕಳ್ಳತನದಂತಹ ಪ್ರಸಂಗದಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತವಾದುದರಿಂದ, ಬೇರೆ ವಿಮೆಯ ವಿಚಾರವನ್ನೂ ಮಾಡಿ. ಪ್ರಮಾಣಪತ್ರ, ರಸೀದಿಗಳನ್ನು ನಾಣ್ಯದ ಜೊತೆಗಿಡದೆ ಮನೆಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.