ಗೋಡೆಗೆ ಸುಣ್ಣ

"ಮೊದಲೇ ಹೇಳ್ಬಿಡ್ತೀನಿ, ನಾನು ಕಾರ್ಟೂನ್ ನೋಡೋ ವಯಸ್ಸು ದಾಟಿ ಬಹಳ ದಿನ ಆಯ್ತು," ಎಂದು ಸುಬ್ಬು ಹೇಳಿದ್ದು ಮಧ್ಯಾಹ್ನ ಎರಡೂವರೆಗೆ. ಮೂರೂವರೆಗೆ ಅವನೇ ರಿಮೋಟ್ ಹಿಡಿದುಕೊಂಡು, "ಯಾರೂ ಮಾತಾಡಬೇಡ್ರೋ, ಸಬ್‌ಟೈಟಲ್ ಓಡಿಹೋಗುತ್ತೆ," ಎಂದು ಗದರುತ್ತಿದ್ದ.

ಭಾನುವಾರ. ವಾಣಿಯ ಮನೆ. ಒಂದು ಪರಾತದ ತುಂಬ ಒಗ್ಗರಣೆ ಮಂಡಕ್ಕಿ, ಸುತ್ತ ನಾಲ್ಕು ಜನ. ನೋಡುತ್ತಿದ್ದುದು 'ಓರೆ ಮೊನೊಗತಾರಿ' ಎನ್ನುವ ಜಪಾನಿ ಅನಿಮೆ. 2015ರಲ್ಲಿ ಬಂದದ್ದು, ಒಟ್ಟು 24 ಕಂತು. ಊರೆಲ್ಲ ನೋಡಿ ಮರೆತ ಮೇಲೆ ನಾವು ಮೂರು ಕಂತು ಮುಗಿಸಿ ಪಂಡಿತರಾಗಿದ್ದೆವು.

"ಓರೆ ಅಂದ್ರೆ ಏನು? ವಾರೆ ಕೋರೆನಾ?" ಸುಬ್ಬು ಕೇಳಿದ.

"ನಾನು ಅಂತ," ಎಂದಳು ವಾಣಿ. ನಮ್ಮ ಗುಂಪಿನಲ್ಲಿ ಅನಿಮೆ ನೋಡಿದವಳು ಅವಳೊಬ್ಬಳೇ. ಹಾಗಾಗಿ ಅವಳೇ ಮೇಷ್ಟ್ರು. ಜಪಾನಿಯಲ್ಲಿ 'ನಾನು' ಅನ್ನೋಕೆ ನಾಲ್ಕಾರು ಪದ ಇವೆಯಂತೆ. ವಿನಯವಾಗಿ ಹೇಳೋಕೆ ವತಾಶಿ. ಸಾಧು ಹುಡುಗರಿಗೆ ಬೊಕು. ಎದೆ ಸೆಟೆಸಿ ಹೇಳೋಕೆ ಓರೆ. "ಮೊನೊಗತಾರಿ ಅಂದ್ರೆ ಕಥೆ. ಒಟ್ಟಿಗೆ ಹೇಳಿದ್ರೆ, 'ಇದು ನನ್ ಕಥೆ ಕಣ್ರೋ' ಅಂತ."

ಎದೆ ಸೆಟೆಸೋಕೆ ಹುಡುಗನಿಗೆ ಎದೆಯೂ ಇದೆ. ತಕೆಯೊ ಗೋಡಾ ಅಂತ ಹೆಸರು. ಎತ್ತರ ಸುಮಾರು 2 ಮೀಟರ್, ತೂಕ 120 ಕಿಲೋ. ದಪ್ಪ ತುಟಿ, ಕಂಬಳಿಹುಳದಂಥ ಹುಬ್ಬು. ಹೈಸ್ಕೂಲಿನ ಮೊದಲ ವರ್ಷ. ಅಲ್ಲಿ ಹೈಸ್ಕೂಲು ಅಂದ್ರೆ ನಮ್ಮ ಹತ್ತನೇ ಕ್ಲಾಸೂ ಪಿಯುಸಿಯೂ ಸೇರಿದ ಮೂರು ವರ್ಷ.

"ಇವನು ಸ್ಟೂಡೆಂಟಾ? ಸ್ಟೂಡೆಂಟಿನ ಸೋದರಮಾವ ಇದ್ದ ಹಾಗಿದ್ದಾನೆ," ಎಂದೆ ನಾನು.

"ಅಡ್ಡಹೆಸರು ಗೋಡಾ ಅಲ್ವಾ? ಸರಿಯಾಗೇ ಇಟ್ಟಿದ್ದಾರೆ. ಗೋಡೆನೇ ಅವನು," ಎಂದ ಸುಬ್ಬು. "ಪಕ್ಕದಲ್ಲಿ ಬೆಳ್ಳಗೆ ತೆಳ್ಳಗೆ ನಿಂತಿರ್ತಾನಲ್ಲ, ಆ ಗೆಳೆಯನ ಹೆಸರೇನು?"

"ಸುನಾಕಾವಾ. ತಕೆಯೊ ಅವನನ್ನ ಸುನಾ ಅಂತಾನೆ."

ಸುಬ್ಬು ಕೈಯಲ್ಲಿದ್ದ ಮಂಡಕ್ಕಿ ಬಿಟ್ಟು ಎದ್ದು ನಿಂತ. "ಗೋಡೆಗೆ ಸುಣ್ಣ! ಜಪಾನಿನವರು ಕನ್ನಡ ಕಲಿತು ಬರೆದಿದ್ದಾರೆ ಕಣ್ರೋ!"

ಅಲ್ಲಿಂದ ಮುಂದೆ ಯಾರೂ ಅವರ ನಿಜವಾದ ಹೆಸರು ಹೇಳಲಿಲ್ಲ.

ಕಥೆ ಇಷ್ಟೇ. ಗೋಡೆ ಚಿಕ್ಕಂದಿನಿಂದ ಇಷ್ಟಪಟ್ಟ ಹುಡುಗಿಯರೆಲ್ಲ ಸುಣ್ಣದ ಹಿಂದೆ ಹೋಗಿದ್ದಾರೆ. ಸುಣ್ಣ ಎಲ್ಲರಿಗೂ 'ಇಲ್ಲ' ಅಂದಿದ್ದಾನೆ. ಹೀಗಿರುವಾಗ ರೈಲಿನಲ್ಲಿ ಒಬ್ಬ ಹುಡುಗಿಗೆ ಯಾರೋ ಕೈ ಹಾಕುತ್ತಿರುತ್ತಾನೆ. ಗೋಡೆ ಅವನನ್ನು ಹಿಡಿದು ಎಳೆದು ತರುತ್ತಾನೆ. ಹುಡುಗಿ ಯಮಾಟೊ ರಿಂಕೊ, ಪುಟ್ಟ ಗುಬ್ಬಚ್ಚಿಯಂಥವಳು. ಗೋಡೆ ಆ ಕ್ಷಣಕ್ಕೇ ಬಿದ್ದ. ಆದರೆ ಇವಳೂ ಸುಣ್ಣನನ್ನೇ ನೋಡುತ್ತಿದ್ದಾಳೆ ಅಂತ ತನಗೆ ತಾನೇ ತೀರ್ಮಾನ ಮಾಡಿಬಿಟ್ಟ.

ರೈಲಿನ ಆ ಭಾಗಕ್ಕೆ ಯಾರೂ ನಗಲಿಲ್ಲ. ಅದಕ್ಕೆ ಜಪಾನಿಯಲ್ಲಿ ಒಂದು ಹೆಸರೇ ಇದೆ, ಚಿಕಾನ್. ನಿಲ್ದಾಣಗಳಲ್ಲಿ ಅದರ ಬಗ್ಗೆ ಎಚ್ಚರಿಕೆಯ ಬೋರ್ಡುಗಳಿವೆ. ದಟ್ಟಣೆಯ ಹೊತ್ತಿಗೆ ಹೆಂಗಸರಿಗೆ ಅಂತಲೇ ಬೋಗಿ ಮೀಸಲಿಟ್ಟಿರುವುದೂ ಇದೇ ಕಾಟಕ್ಕೆ. "ಹುಡುಗಿಯನ್ನ ಕಥೆಗೆ ಕರ್ಕೊಂಡು ಬರೋಕೆ ಇದೇ ಬೇಕಿತ್ತಾ ಅಂತ ನನಗೆ ಪ್ರತಿ ಸಲ ಅನ್ಸುತ್ತೆ," ಎಂದಳು ವಾಣಿ. "ಆದ್ರೆ ಗೋಡೆ ಹಲ್ಲು ಕಚ್ಚಿದ್ದು ನೋಡಿ ಸಮಾಧಾನ ಆಯ್ತು."

ಆಮೇಲೆ ಶುರುವಾಯಿತು ಕೇಕಿನ ಮೆರವಣಿಗೆ. ಥ್ಯಾಂಕ್ಸ್ ಹೇಳೋ ನೆಪದಲ್ಲಿ ಅವಳು ಕೇಕು ತರುತ್ತಾಳೆ. ಇನ್ನೊಂದು ಸಲ ಕೈಯಾರೆ ಮಾಡಿಕೊಂಡು ತರುತ್ತಾಳೆ. ಇವನು ಗಬಗಬ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಸುಣ್ಣ ಎಂಥ ಪುಣ್ಯವಂತ ಅಂದುಕೊಳ್ಳುತ್ತಾನೆ. ಪಕ್ಕದಲ್ಲಿ ಕೂತ ಸುಣ್ಣನಿಗೆ ಎಲ್ಲ ಗೊತ್ತು.

"ಇಷ್ಟು ಪೆದ್ದ ಇರೋಕೆ ಸಾಧ್ಯನೇ ಇಲ್ಲ," ಎಂದ ಸುಬ್ಬು. "ಮನೆಗೆ ಬಂದು ಕೇಕು ಕೊಡ್ತಾಳೆ. ಮುಖ ನೋಡಿದ್ರೆ ಕೆಂಪಾಗ್ತಾಳೆ. ಇನ್ನೇನು ಅಫಿಡವಿಟ್ ಕೊಡಬೇಕಾ?"

"ಜಪಾನಿನಲ್ಲಿ ಒಂಥರಾ ಕೊಡಬೇಕು," ಎಂದಳು ವಾಣಿ. ಅದಕ್ಕೆ ಕೊಕುಹಾಕು ಅಂತಾರೆ. ಎದುರಿಗೆ ನಿಂತು ಬಾಯಿಬಿಟ್ಟು, 'ಸುಕಿ ದೆಸು, ನೀನಂದ್ರೆ ನನಗಿಷ್ಟ' ಅಂತ ಹೇಳಬೇಕು. ಆ ಕಡೆಯವರು ಹೂಂ ಅಂದರೆ ಅವತ್ತಿನಿಂದ ಜೋಡಿ. ಅಲ್ಲಿಯವರೆಗೆ ಎಷ್ಟು ಸುತ್ತಾಡಿದರೂ ಬರೀ ಪರಿಚಯ.

"ನಮ್ಮಲ್ಲಿ ಉಲ್ಟಾ," ಎಂದೆ ನಾನು. "ಇಬ್ಬರೂ ಏನೂ ಹೇಳಿರಲ್ಲ, ಆದ್ರೆ ಇಡೀ ಕಾಲೇಜು ಹೂಂ ಅಂದಿರುತ್ತೆ."

ಗೋಡೆ ಅವಳನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲಿ 'ಸುಕಿ ದಾ!' ಎಂದು ಗುಡುಗುತ್ತಾನೆ. ಎಗುಚಿ ತಕುಯಾ ಎನ್ನುವ ನಟನ ದನಿ ಅದು. ಎಮ್ಮೆ ಹಳ್ಳಕ್ಕೆ ಇಳಿದ ಹಾಗೆ ಧಡಕ್ಕನೆ ಬರುತ್ತದೆ. ಸುಬ್ಬು ಆ ಹೊತ್ತಿಗಾಗಲೇ ಅದನ್ನು ಕಲಿತು, ಪ್ರತಿ ಸಲ ಮಂಡಕ್ಕಿ ಬಾಯಿಗೆ ಹಾಕುವಾಗ "ಸುಕಿ ದಾ!" ಅನ್ನುತ್ತಿದ್ದ.

ಇಷ್ಟು ಹೊತ್ತೂ ರಘು ಒಂದು ಮಾತೂ ಆಡಿರಲಿಲ್ಲ. ಅವನ ಬಗ್ಗೆ ಹೇಳಬೇಕು. ಆರಡಿ ಎರಡಂಗುಲ. ಸಿನಿಮಾಕ್ಕೆ ಹೋದರೆ ಹಿಂದಿನವರು "ಸ್ವಲ್ಪ ಬಗ್ಗಿ" ಅನ್ನುವ ಮೊದಲೇ ಬಗ್ಗಿ ಕೂರುವ ಜೀವ. ಮದುವೆಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಎತ್ತೋಕೆ ಎಲ್ಲರೂ ಕರೆಯುವುದು ಇವನನ್ನೇ, ಗ್ರೂಪ್ ಫೋಟೋದಲ್ಲಿ "ಹಿಂದೆ ನಿಂತ್ಕೊಳಪ್ಪಾ" ಅನ್ನುವುದೂ ಇವನಿಗೇ.

"ಕಬ್ಬಿಣದ ತೊಲೆ ಬೀಳೋದು ಮಾತ್ರ ಜಾಸ್ತಿ ಆಯ್ತಪ್ಪ," ಎಂದೆ ನಾನು. ಕಟ್ಟಡದ ಕೆಲಸ ನಡೆಯುವ ಕಡೆ ಮೇಲಿಂದ ತೊಲೆ ಜಾರಿ ಬೀಳುತ್ತದೆ, ಗೋಡೆ ಅದನ್ನು ತಡೆದು ಹಿಡಿಯುತ್ತಾನೆ. "ರೈಲಾಯ್ತು, ತೊಲೆ ಆಯ್ತು. ಹುಡುಗಿ ಮನೆ ಬಿಟ್ಟು ಹೊರಟ್ರೆ ಸಾಕು, ಏನೋ ಒಂದು ಬೀಳುತ್ತೆ."

"ಗೋಡೆ ಇರೋದು ಯಾಕೆ ಮತ್ತೆ? ತೊಲೆ ಹೊರೋಕೆ ತಾನೇ," ಎಂದ ಸುಬ್ಬು. ಆ ದಿನದ ಅವನ ಎರಡನೇ ಒಳ್ಳೆ ಮಾತು ಅದು. ಮೂರನೆಯದು ಬರಲಿಲ್ಲ.

ವಾಣಿಯ ವಾದ ಬೇರೆ. ಇದರ ಮೂಲ ಮಂಗಾ, ಅಂದ್ರೆ ಜಪಾನಿ ಚಿತ್ರಕಥೆ, ಬಂದದ್ದು 'ಬೆಸ್ಸಾತ್ಸು ಮಾರ್ಗರೆಟ್' ಎನ್ನುವ ಪತ್ರಿಕೆಯಲ್ಲಿ. ಕಥೆ ಕವಹಾರ ಕಝುನೆ, ಚಿತ್ರ ಅರುಕೊ. ಹುಡುಗಿಯರಿಗಾಗಿಯೇ ಬರುವ ಪತ್ರಿಕೆ, ಶೋಜೊ ಅಂತಾರೆ. ಅಲ್ಲಿ ಹೀರೋ ಅಂದ್ರೆ ಸುಣ್ಣನಂಥವನೇ. ತಣ್ಣಗೆ ಮಾತಾಡುವವನು, ಹಣೆ ಮೇಲೆ ಕೂದಲು ಬಿದ್ದವನು. "ಬೇರೆ ಯಾವ ಕಥೆ ಆಗಿದ್ರೂ ಸುಣ್ಣನೇ ಹೀರೋ. ಗೋಡೆ ಅವನ ಹಿಂದೆ ನಿಂತ್ಕೊಂಡು ಸಮೋಸ ತಿನ್ನೋ ಗೆಳೆಯ. ಇವರು ಕ್ಯಾಮೆರಾನ ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದ್ರು, ಅಷ್ಟೇ."

ಚಿತ್ರ ಬಿಡಿಸಿದ್ದರಲ್ಲೂ ಆ ತಮಾಷೆ ಇದೆ. ಅನಿಮೆ ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೊ, ನಿರ್ದೇಶಕ ಅಸಾಕಾ ಮೊರಿಯೊ. ಯಮಾಟೊ ಬಂದರೆ ಸುತ್ತ ಗುಳ್ಳೆ, ಹೂವು, ತಿಳಿಗುಲಾಬಿ ಬೆಳಕು. ಅದೇ ಗುಳ್ಳೆಗಳ ಮಧ್ಯೆ ಗೋಡೆ ಬಂದು ನಿಂತರೆ, ಮದುವೆ ಮಂಟಪದಲ್ಲಿ ರೋಡ್ ರೋಲರ್ ನಿಲ್ಲಿಸಿದ ಹಾಗೆ.

"ನನ್ನ ತಕರಾರು ಹುಡುಗಿದು," ಎಂದಳು. "ಮೂರು ಕಂತಾಯ್ತು, ಕೇಕು ಬಿಟ್ರೆ ಅವಳ ಬಗ್ಗೆ ನಮಗೇನು ಗೊತ್ತು?" ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೇಕು ಚೆನ್ನಾಗಿತ್ತು ಎಂದ ಸುಬ್ಬು.

ಸುಣ್ಣ ಯಾಕೆ ಎಲ್ಲ ಹುಡುಗಿಯರಿಗೂ ಇಲ್ಲ ಅಂದ ಅನ್ನುವುದು ಗೊತ್ತಾಗುವ ಜಾಗದಲ್ಲಿ ಮಾತ್ರ ಪರಾತದ ಸದ್ದು ನಿಂತಿತು. ಅವರೆಲ್ಲ ಗೋಡೆಯ ಬಗ್ಗೆ ಹಿಂದಿನಿಂದ ಆಡಿಕೊಂಡವರು. ಅದನ್ನು ಇವನು ಕೇಳಿಸಿಕೊಂಡಿದ್ದ. ಗೋಡೆಗೆ ಮಾತ್ರ ಇಷ್ಟು ವರ್ಷ ಒಂದು ಮಾತೂ ಹೇಳಿರಲಿಲ್ಲ.

ಜಪಾನಿನ ಮಕ್ಕಳಿಗೆಲ್ಲ ಗೊತ್ತಿರುವ ಒಂದು ಕಥೆ ಇದೆ ಎಂದು ವಾಣಿ ಹೇಳಿದಳು. ಹಮಾದ ಹಿರೊಸುಕೆ ಬರೆದದ್ದು. ಕೆಂಪು ರಾಕ್ಷಸನಿಗೆ ಊರವರ ಸ್ನೇಹ ಬೇಕು, ಆದರೆ ಅವರಿಗೆ ಇವನನ್ನು ಕಂಡರೆ ಭಯ. ನೀಲಿ ರಾಕ್ಷಸ ಉಪಾಯ ಮಾಡುತ್ತಾನೆ. ತಾನೇ ಊರಿಗೆ ನುಗ್ಗಿ ಗಲಾಟೆ ಮಾಡಿ, ಕೆಂಪು ರಾಕ್ಷಸನ ಕೈಲಿ ಒದೆ ತಿಂದು ಓಡುತ್ತಾನೆ. ಊರವರು ಕೆಂಪನನ್ನು ಒಪ್ಪಿಕೊಳ್ಳುತ್ತಾರೆ. ಆಮೇಲೆ ಇವನು ಗೆಳೆಯನ ಮನೆಗೆ ಹೋದರೆ ಬಾಗಿಲಲ್ಲಿ ಒಂದು ಚೀಟಿ. ನಾವಿಬ್ಬರೂ ಜೊತೆಗಿದ್ದರೆ ನಿನ್ನ ಮೇಲೂ ಅನುಮಾನ ಬರುತ್ತೆ, ನಾನು ಹೊರಟೆ ಅಂತ.

"ಸುಣ್ಣ ಆ ನೀಲಿ ರಾಕ್ಷಸ," ಎಂದಳು.

ಸುಬ್ಬು ಮೂಗೊರೆಸಿಕೊಂಡು, "ಒಗ್ಗರಣೆಗೆ ಮೆಣಸಿನಕಾಯಿ ಜಾಸ್ತಿ ಹಾಕಿದ್ದೀಯ," ಎಂದ.

ಈಗ ಪ್ರಶ್ನೆ ಬೇರೆ. ಮೂರನೇ ಕಂತು ಮುಗಿಯುವ ಹೊತ್ತಿಗೆ ಇಬ್ಬರೂ ಬಾಯಿಬಿಟ್ಟು ಹೇಳಿ ಜೋಡಿ ಆಗಿಬಿಟ್ಟರು. ಕಂತು ಇನ್ನೂ 21 ಉಳಿದಿವೆ. ನಾವು ಕಂಡ ಪ್ರೇಮಕಥೆಗಳಲ್ಲಿ ಹೇಳೋದೇ ಕೊನೆಯಲ್ಲಿ, ಅದೂ ಬಸ್ಸು ಹೊರಟ ಮೇಲೆ.

"ಇನ್ನು ವಿಲನ್ ಬರ್ತಾನೆ. ಇಲ್ಲಾ ಅವಳಿಗೆ ಮರೆವಿನ ಕಾಯಿಲೆ," ಎಂದ ಸುಬ್ಬು. "ನೂರು ರೂಪಾಯಿ ಬೆಟ್."

"ಏನೂ ಬರಲ್ಲ. ಇಬ್ಬರೂ ಸುಮ್ನೆ ಓಡಾಡ್ಕೊಂಡಿರ್ತಾರೆ," ಎಂದೆ. ವಾಣಿ ನಗುತ್ತಿದ್ದಳು. ಅವಳು ಪೂರ್ತಿ ನೋಡಿದವಳು. ಅವಳನ್ನು ಬೆಟ್ಟಿಗೆ ಸೇರಿಸಿಕೊಳ್ಳಲಿಲ್ಲ.

ಆಗ ರಘು ಬಾಯಿಬಿಟ್ಟ. "ಅವನು ಪೆದ್ದ ಅಲ್ಲ ಕಣೋ."

ಎಲ್ಲರೂ ತಿರುಗಿದೆವು.

"ಸೆಕೆಂಡ್ ಇಯರ್‌ನಲ್ಲಿ ನಮ್ಮ ಕ್ಲಾಸಿನವಳು ಒಬ್ಬಳು ಕೊಬ್ಬರಿ ಮಿಠಾಯಿ ತಂದ್ಕೊಟ್ಟಿದ್ದಳು. ಸ್ಟೀಲ್ ಡಬ್ಬಿಲಿ. 'ನಾನೇ ಮಾಡಿದ್ದು, ಹೇಗಿದೆ ಹೇಳು' ಅಂದಳು. ನಾನು ಚೆನ್ನಾಗಿದೆ, ಮಂಜನಿಗೂ ಕೊಡ್ತೀನಿ ಅಂದೆ."

"ಯಾವ ಮಂಜ? ಆ ಕ್ರಿಕೆಟ್ ಮಂಜನಾ?"

"ಹೂಂ. ಎಲ್ಲರೂ ಅವನಿಗೇ ಅಲ್ವಾ ತರ್ತಿದ್ದಿದ್ದು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಚಕ್ಕುಲಿ ತುಂಬಿಸಿ ಕಳ್ಸಿದ್ರು. ಎರಡು ವಾರ ಬಿಟ್ಟು ಮತ್ತೆ ತಂದಳು. ಮತ್ತೆ ಮಂಜನಿಗೆ ಕೊಟ್ಟೆ. ಈ ಸಲ ಅಮ್ಮ ಕೋಡುಬಳೆ ತುಂಬಿಸಿದ್ರು."

ಸುಬ್ಬು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಮೂರನೇ ಸಲ?" ವಾಣಿ ಮೆಲ್ಲಗೆ ಕೇಳಿದಳು.

"ಮೂರನೇ ಸಲ ಡಬ್ಬಿ ಕೊಟ್ಟು ನಿಂತಳು. ಏನೋ ಹೇಳೋಳ ಹಾಗೆ. ನಾನು, 'ಮಂಜ ಕ್ಯಾಂಟೀನಲ್ಲಿದ್ದಾನೆ' ಅಂದೆ."

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕೆವು, ರಘುವೇ ಎಲ್ಲರಿಗಿಂತ ಜೋರಾಗಿ. ಸೋಫಾ ಅಲುಗಿತು.

"ಆ ಡಬ್ಬಿ?" ಎಂದೆ.

"ಪರೀಕ್ಷೆ ಬಂತು, ರಜಾ ಬಂತು, ವಾಪಸ್ ಕೊಡೋಕೇ ಆಗ್ಲಿಲ್ಲ. ಈಗಲೂ ಮನೇಲಿದೆ. ಅಮ್ಮ ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದಾರೆ."

ಸುಬ್ಬು ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡ. 'ಸುಕಿ ದಾ' ಅನ್ನದೆ ತಿಂದ. ರಘು ಅವನ ಕೈಯಿಂದ ರಿಮೋಟ್ ಕಿತ್ತುಕೊಂಡು ನಾಲ್ಕನೇ ಕಂತು ಹಾಕಿದ.