ಕುದಿಸಿದ ಹಾಲಿನ ‘ಸಾಂದ್ರತೆ’ ಏರುತ್ತದೋ, ಇಳಿಯುತ್ತದೋ?

ಪ್ರಶ್ನೆ: ಹೈಸ್ಕೂಲು ಪಾಠವೊಂದರ ಕರಡಿನಲ್ಲಿ ಎರಡು ವಾಕ್ಯ ಎದುರುಬದುರಾಗಿವೆ. ‘ಬಿಸಿಯಾದಂತೆ ದ್ರವದ ಸಾಂದ್ರತೆ ಇಳಿಯುತ್ತದೆ’ ಎಂದು ಒಂದು ಕಡೆ. ‘ಹಾಲು ಕುದಿದಷ್ಟೂ ಸಾಂದ್ರವಾಗುತ್ತದೆ’ ಎಂದು ಇನ್ನೊಂದು ಕಡೆ. ‘ದಟ್ಟಣೆ’ ಎಂದು ಬದಲಿಸಿದರೆ ಗೊಂದಲ ತಪ್ಪೀತೇ?

ಉತ್ತರ: ತಪ್ಪದು. ದಟ್ಟಣೆ ಎಂದೊಡನೆ ವಾಹನ, ಜನ ಕಣ್ಣಿಗೆ ಬರುತ್ತಾರೆ. ‘ಘನತೆ’ಯಂತೂ ಬೇಡವೇ ಬೇಡ, ಅದು ಸಭ್ಯರ ಸೊತ್ತು. ತೊಡಕಿರುವುದು ಎರಡನೆಯ ವಾಕ್ಯದಲ್ಲಿ. ಕುದಿಯುವಾಗ ನೀರು ಆವಿಯಾಗಿ ಹೋಗಿ, ಉಳಿದ ಹಾಲಿನಲ್ಲಿ ಕೊಬ್ಬು, ಸಕ್ಕರೆ, ಪ್ರೋಟೀನುಗಳ ಪಾಲು ಹೆಚ್ಚುತ್ತದೆ. ಅದು ಸಾರತೆ. ಪ್ರಯೋಗಶಾಲೆಯ ‘ಸಾರರಿಕ್ತ ಆಮ್ಲ’ದಲ್ಲಿರುವ (ನೀರು ಬೆರೆಸಿ ತೆಳುವಾಗಿಸಿದ ಆಮ್ಲ) ಸಾರವೂ ಇದೇ. ಅಲ್ಲಿ ‘ಹಾಲು ಇಂಗಿ ಗಟ್ಟಿಯಾಗುತ್ತದೆ’ ಎಂದರೆ ಸಾಕು. ಸಾಂದ್ರತೆಯನ್ನು ದ್ರವ್ಯರಾಶಿ ಭಾಗಿಸು ಗಾತ್ರ ಎಂಬ ಒಂದೇ ಅರ್ಥಕ್ಕೆ ಮೀಸಲಿಡಿ.

‘ಮಂದ’ವನ್ನೂ ಇದರೊಳಗೆ ಬೆರೆಸಬಾರದು. ಎಣ್ಣೆ ನೀರಿಗಿಂತ ಮಂದ, ಆದರೂ ತೇಲುತ್ತದೆ. ಹಾಲಿನ ಡೇರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ: ಕೆನೆ ತೆಗೆದ ಹಾಲು ನಾಲಿಗೆಗೆ ತೆಳು, ಆದರೆ ಲ್ಯಾಕ್ಟೋಮೀಟರ್ (ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ಅದರಲ್ಲಿ ಮೇಲೇಳುತ್ತದೆ. ಹಗುರವಾದ ಕೊಬ್ಬು ಹೋದದ್ದರಿಂದ ಸಾಂದ್ರತೆ ಏರಿರುತ್ತದೆ. ಕೆನೆ ತೆಗೆದು ಅಷ್ಟಿಷ್ಟು ನೀರು ಬೆರೆಸಿದರೆ ಅಂಕ ಮತ್ತೆ ಮಾಮೂಲಿಗೆ ಬಂದುಬಿಡುತ್ತದೆ. ಹಾಗಾಗಿ ಕೊಬ್ಬಿನ ಪರೀಕ್ಷೆಯನ್ನೂ ಮಾಡದೆ ಬರೀ ಲ್ಯಾಕ್ಟೋಮೀಟರ್ ನಂಬುವಂತಿಲ್ಲ. ಉಷ್ಣತೆಯ ಲೆಕ್ಕವೂ ಅಲ್ಲೇ ಬರುತ್ತದೆ. 27 ಡಿಗ್ರಿಗೆ ಹೊಂದಿಸಿದ ಲ್ಯಾಕ್ಟೋಮೀಟರನ್ನು 32 ಡಿಗ್ರಿಯ ಹಾಲಿಗೆ ಬಿಟ್ಟರೆ ತುಸು ಹೆಚ್ಚು ಮುಳುಗಿ, ಅದರ ಮೇಲಿನ ಅಂಕ 27 ತೋರಿಸೀತು. ಪ್ರತಿ ಡಿಗ್ರಿಗೆ 0.2ರಂತೆ 1 ಕೂಡಿಸಿದರೆ 28, ಅಂದರೆ ಸಾಂದ್ರತೆ 1.028. ಕೂಡಿಸಲು ಮರೆತರೆ ಒಳ್ಳೆಯ ಹಾಲಿಗೂ ನೀರು ಬೆರೆಸಿದ ಅಪವಾದ!

ಇನ್ನೊಂದು ಉತ್ತರ: ಮೊದಲ ವಾಕ್ಯಕ್ಕೂ ಒಂದು ತಿದ್ದುಪಡಿ ಬೇಕು. ನೀರು 0ಯಿಂದ 4 ಡಿಗ್ರಿವರೆಗೆ ಬಿಸಿಯಾದಂತೆ ಕುಗ್ಗುತ್ತದೆ, ಸಾಂದ್ರತೆ ಏರುತ್ತದೆ. ‘ಸಾಮಾನ್ಯವಾಗಿ’ ಎಂಬ ಮಾತು ಸೇರಿಸಿ. ನೀರಿನದು 1 ಎಂದರೆ ಮಂಜುಗಡ್ಡೆಯ ಸಾಂದ್ರತೆ 0.917, ಅದಕ್ಕೇ ತೇಲುತ್ತದೆ. ಕೊಬ್ಬರಿ ಎಣ್ಣೆ ಹಾಗಲ್ಲ. ಚಳಿಗೆ ಹೆಪ್ಪುಗಟ್ಟಿದ ಭಾಗ ಸೀಸೆಯ ತಳ ಸೇರುತ್ತದೆ. ಮಕ್ಕಳಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬಹುದು.

ಎಷ್ಟು ಇಳಿಯುತ್ತದೆ ಎಂಬುದನ್ನೂ ಬರೆಯಿರಿ. 30ರಿಂದ 100 ಡಿಗ್ರಿಗೆ ಹೋದರೆ ಕಬ್ಬಿಣದ ಸಾಂದ್ರತೆ ಶೇ. 0.25ರಷ್ಟು, ನೀರಿನದು ಸುಮಾರು ಶೇ. 4, ಗಾಳಿಯದು ಸುಮಾರು ಶೇ. 19 ಇಳಿಯುತ್ತದೆ. ಆದರೆ ಗಾಳಿಯ ಮಾತಿಗೆ ‘ಒತ್ತಡ ಬದಲಾಗದಿದ್ದರೆ’ ಎಂಬ ಷರತ್ತು ಇರಲೇಬೇಕು. ಬಿಗಿಯಾಗಿ ಮುಚ್ಚಿದ ಸಿಲಿಂಡರಿನಲ್ಲಿ ಗಾತ್ರವೂ ಅಷ್ಟೇ, ಅನಿಲವೂ ಅಷ್ಟೇ. ಕಾಯಿಸಿದರೆ ಏರುವುದು ಒತ್ತಡ, ಸಾಂದ್ರತೆ ಇದ್ದಲ್ಲೇ ಇರುತ್ತದೆ.